ಕ್ಯಾನ್ ಐತೆ, ಆಳಿಲ್ಲ

ಹಾಲು ಪರೀಕ್ಷಿಸುವ ಯಂತ್ರ ಬಂದ ಮೇಲೂ ನಮ್ಮ ಡೇರಿ ಅಕ್ಕ ಹಾಲಿನ ಹನಿಯೊಂದನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟೇ ನೋಡುತ್ತಿದ್ದರು. ಹನಿ ಸರ್ರನೆ ಜಾರಿತೋ, ತಂದವರ ಮುಖ ನೋಡಿ, "ನಿಮ್ ಬೋರ್‌ವೆಲ್ಲು ಚೆನ್ನಾಗ್ ಕರೀತೈತೆ ಕಣಪ್ಪಾ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಬಿಳಿ ಹನಿಯ ಸುತ್ತ ಆ ಉಗುರು ಹಳದಿಯಾಗಿ ಕಂಡಿತು. "ಅರಿಶಿನ ಮುಟ್ಟಿದ್ಯಾ ಅಕ್ಕ?" ಎಂದು ಕೇಳಿದೆ, ಪೆದ್ದ ನಾನು. ಲಿವರ್ ಕೆಟ್ಟಿದೆ ಎಂದು ಆಮೇಲೆ ಗೊತ್ತಾಯಿತು.

ಕಾಮಸಮುದ್ರದ ಆಚೆ ನಮ್ಮೂರು. ಅಲ್ಲಿನ ಡೇರಿಗೆ ಅಕ್ಕ ಕಾರ್ಯದರ್ಶಿ, ನಾನು ಅವರ ಕೈಕೆಳಗೆ ಹಾಲು ಅಳೆಯುವವನು. ಅಕ್ಕನ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕ್ಯಾನ್‌ಗಳನ್ನು ಸಾಲಾಗಿಟ್ಟು ಟೀ ಅಂಗಡಿಗೆ ಹೋಗುವುದು ನಮ್ಮ ಜನರ ರೂಢಿ. ಕ್ಯಾನ್ ನಿಂತರೆ ಆಳು ನಿಂತ ಲೆಕ್ಕ. ಆದರೆ ಸರದಿ ಬಂದಾಗ ಪಕ್ಕದಲ್ಲಿ ಇಲ್ಲದವರಿಗೆ ಅಕ್ಕ ಕಾಯುತ್ತಿರಲಿಲ್ಲ. "ಕ್ಯಾನ್ ಐತೆ, ಆಳಿಲ್ಲ. ಮುಂದಿನೋರು ಬನ್ನಿ!" ಪಂಚಾಯ್ತಿ ಮೆಂಬರಾದರೂ ಅಷ್ಟೆ, ಅಕ್ಕನ ಸ್ವಂತ ಅಣ್ಣನಾದರೂ ಅಷ್ಟೆ.

ಲಿವರ್ ಬದಲಿಸಲೇಬೇಕು ಎಂದರು ಬೆಂಗಳೂರಿನ ಡಾಕ್ಟರು. ಒಂದು ಭಾಗ ಕೊಡೋಣವೆಂದರೆ ಅಣ್ಣನಿಗೆ ಸಕ್ಕರೆ ಕಾಯಿಲೆ, ಬೇರೆ ಯಾರೂ ಇಲ್ಲ. ಮೆದುಳು ಸತ್ತ ಯಾರದಾದರೂ ಲಿವರ್ ಸಿಗಲಿ ಎಂದು ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕಾಯಿತು. ದಾನ ಆದ ಆಸ್ಪತ್ರೆಯ ರೋಗಿಗಳಿಗೇ ಮೊದಲ ಅವಕಾಶವಂತೆ, ಅಲ್ಲಿ ಹೊಂದದಿದ್ದರೆ ಉಳಿದ ಆಸ್ಪತ್ರೆಗಳಿಗೆ ಸರದಿಯಂತೆ. ಅಕ್ಕನ ಆಸ್ಪತ್ರೆ ಚಿಕ್ಕದು, ಅಲ್ಲಿ ದಾನ ಆಗುವುದೇ ಅಪರೂಪ. "ನೋಡ್ಲಾ, ಆಸ್ಪತ್ರೆಗಳೂ ಕ್ಯಾನ್ ಇಟ್ಕೊಂಡು ಸಾಲ್ನಾಗ್ ನಿಂತವೆ!" ಎಂದು ನಕ್ಕರು.

ಫೋನ್ ಬಂದರೆ ಮೂರು ಗಂಟೆಯೊಳಗೆ ಅಲ್ಲಿರಬೇಕು. ನಮ್ಮೂರಲ್ಲಿ ಗುಡ್ಡ ಹತ್ತದೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಬಂಗಾರಪೇಟೆ ಸ್ಟೇಷನ್ ಹತ್ತಿರ ಒಂದು ಕೋಣೆ ಹಿಡಿದರು. ಬಾಗಿಲ ಬಳಿ ಬ್ಯಾಗು, ಕಿಟಕಿಯಲ್ಲಿ ಫೋನು. ಭಾನುವಾರ ನಾನು ಹೋದರೆ ಹೊಸ್ತಿಲಲ್ಲೇ ಮಾತು ಶುರು. "ಇಲ್ಲಿ ನಂಗ್ ಯಾರ್ ಕಣ್ಲಾ ಗೊತ್ತು? ರೈಲ್ ಹೋದ್ರೆ ಕಿಟಕಿ ಅದುರ್ತೈತೆ. ಫೋನ್ ಬಂತೇನೋ ಅಂತ ಎದ್ದು ಕೂತ್ಕೊತೀನಿ." ನಾನು ಹೊರಡಲು ಎದ್ದರೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸುತ್ತಿದ್ದರು. ಹೀಗೇ ಎಂಟು ತಿಂಗಳು.

ಒಂದು ದಿನ ನಮ್ಮ ಡೇರಿಯ ಹಾಲು ಹುಳಿ ಎಂದು ಲಾರಿಯವರು ವಾಪಸ್ ಕಳಿಸಿದರು. ಊರೆಲ್ಲ ನನ್ನ ಮೇಲೆ ಬಿತ್ತು. ಯಾರ ಕ್ಯಾನಿನದು ಎಂದು ನನಗೆ ಹೊಳೆಯಲಿಲ್ಲ. ಗುಡ್ಡ ಹತ್ತಿ ಫೋನ್ ಮಾಡಿದೆ: "ಒಂದ್ ಗಂಟೆ ಬಂದೋಗಕ್ಕ, ನನ್ ಮಾನ ಉಳ್ಸು."

ಬಂದರು. ಸಂಜೆಯ ಸಾಲಿನಲ್ಲಿ ಒಂದೊಂದೇ ಕ್ಯಾನಿಗೆ ಮೂಗಿಟ್ಟು ನಾಲ್ಕನೆಯದನ್ನು ಹಿಡಿದರು. ಮುಚ್ಚಳದ ರಬ್ಬರಿನೊಳಗೆ ಹಳೇ ಹಾಲು ಕಟ್ಟಿಕೊಂಡಿತ್ತು. ಜನರ ನಡುವೆ ನಿಂತ ಅವರ ಮುಖ ಎಷ್ಟು ಅರಳಿತ್ತು ಅಂತೀರಿ! ಒಂದು ಗಂಟೆಗೆಂದು ಬಂದವರು ಮೂರು ಗಂಟೆ ಇದ್ದರು. ಬೈಕಿನಲ್ಲಿ ವಾಪಸ್ ಕರೆದೊಯ್ಯುವಾಗ, ಬಂಗಾರಪೇಟೆ ರೈಲ್ವೆ ಗೇಟಿನ ಬಳಿ ಸಿಗ್ನಲ್ ಸಿಕ್ಕಿದ್ದೇ ಅವರ ಫೋನು ಒಂದೇ ಸಮನೆ ಕಿಣಿಗುಟ್ಟಿತು. ಆಸ್ಪತ್ರೆಯವರು ಹನ್ನೊಂದು ಸಲ ಕರೆ ಮಾಡಿದ್ದರು.

ನಾನೇ ತಿರುಗಿ ಮಾಡಿದೆ. ಅವರ ಪಟ್ಟಿಯಲ್ಲಿದ್ದ ಮುಂದಿನವರನ್ನು ಕರೆಸಿ ಆಗಿತ್ತು. ಇನ್ನೂ ಕಾದಿದ್ದರೆ ಆಸ್ಪತ್ರೆಯ ಸರದಿಯೇ ತಪ್ಪಿ ಲಿವರ್ ಬೇರೆ ಕಡೆ ಹೋಗುತ್ತಿತ್ತು ಎಂದಳು ಫೋನ್ ಎತ್ತಿದ ಆಸ್ಪತ್ರೆಯ ಹುಡುಗಿ. ಬಾಯಿಗೆ ಬಂದಂತೆ ಬೈದೆ. ಅಕ್ಕ ಫೋನ್ ಕಿತ್ತುಕೊಂಡರು.

"ಆ ಮಗೀನ್ ಮ್ಯಾಲೆ ಯಾಕ್ಲಾ ಕೂಗಾಡ್ತೀಯಾ? ಕ್ಯಾನ್ ಇತ್ತು, ಆಳಿರ್ಲಿಲ್ಲ. ನಾನಾಗಿದ್ರೆ ಕಾಯ್ತಿದ್ನಾ?"

ಕೋಣೆಯ ಬೀಗ ತೆಗೆಯುತ್ತಾ, "ಇವತ್ತೊಂದಿನ ಇಲ್ಲೇ ಇರ್ತೀಯೇನ್ಲಾ?" ಎಂದರು. ಮುಖ ನೋಡುವ ಧೈರ್ಯವಾಗದೆ, ಬೆಳಗಿನ ಹಾಲಿನ ನೆಪ ಹೇಳಿ ಬಂದುಬಿಟ್ಟೆ. ಅದೊಂದು ನನ್ನನ್ನು ಈಗಲೂ ತಿನ್ನುತ್ತದೆ.

ಮತ್ತೆ ಆ ಫೋನ್ ಬರಲಿಲ್ಲ. ಮೂರು ತಿಂಗಳಿಗೆ ಅಕ್ಕ ಅದೇ ಕೋಣೆಯಲ್ಲಿ, ಒಬ್ಬರೇ ಇದ್ದಾಗ ಹೋದರು. ಮಣ್ಣು ಮಾಡಿ ಬರುವಾಗ ಅವರಣ್ಣ ಅತ್ತರು: "ಅವತ್ತು ಊರಿಗ್ಯಾಕ್ ಬಂದ್ಲೋ! ಯಾರ್ ಕರ್ದಿದ್ದು ಅಂತ ಕೇಳ್ದ್ರೆ, ಯಾರೂ ಇಲ್ಲ ಕಣಣ್ಣಾ, ನಾನೇ ಬಂದೆ ಅಂದ್ಲು."

ಕರೆದಿದ್ದು ನಾನೇ ಎಂದು ಇವತ್ತಿಗೂ ಅವರಿಗೆ ಹೇಳಿಲ್ಲ. ಅಣ್ಣ ಈಗಲೂ ದಿನಾ ಡೇರಿಗೆ ಕ್ಯಾನ್ ತರುತ್ತಾರೆ. ನಾಳೆ ಇದನ್ನು ಅವರಿಗೆ ಓದಿ ಹೇಳುತ್ತೇನೆ.