ಮೋತಿ ಮಲ್ಲಯ್ಯನ ದಾರಿ ಹಿಡಿದ ದಿನ

ನಮ್ಮ ಪಕ್ಕದ ಮನೆಯ ಜಮೀಲಾಬೀಗೆ ಊರು ನೋಡುವ ಹುಚ್ಚು. ಹುಚ್ಚು ಅಂತ ನಾನು ಹೇಳುತ್ತಿಲ್ಲ, ಅವಳ ಗಂಡ ಹಸನ್‌ಸಾಬ್ ಹೇಳುತ್ತಾನೆ. ಮಸ್ಕಿಯ ಬಸ್‌ಸ್ಟ್ಯಾಂಡ್ ಹತ್ತಿರ ಮಿಕ್ಸರ್, ಫ್ಯಾನು ರಿಪೇರಿ ಮಾಡುವ ಅವನಿಗೆ ಅಂಗಡಿ ಬಿಟ್ಟು ಪಕ್ಕದ ಊರಿಗೆ ಹೋಗುವುದೂ ದಂಡದ ಕೆಲಸ. ಹುಟ್ಟಿದ್ದು ಸಂತೆಕಲ್ಲೂರು, ಕೊಟ್ಟದ್ದು ಮಸ್ಕಿ, ಮಣ್ಣಾಗುವುದೂ ಇಲ್ಲೇ ಆದರೆ ನಡುವೆ ನಾನು ನೋಡಿದ್ದೇನು ಅನ್ನುವುದು ಜಮೀಲಾಬೀಯ ತಕರಾರು. ಹೆಣ್ಣುಮಕ್ಕಳನ್ನೆಲ್ಲ ಮದುವೆ ಮಾಡಿ ಕಳಿಸಿದ ಮೇಲೆ ಆ ತಕರಾರು ಜೋರಾಯಿತು.

ದಾರಿ ಸಿಕ್ಕಿದ್ದು ಲಿಂಗಸುಗೂರಿನಲ್ಲಿ. ಅಲ್ಲಿ ಒಬ್ಬ ಮೇಷ್ಟ್ರ ಮನೆಯವರು ಮದುವೆಗೆಂದು ಹೊರಟು, ಬೆಕ್ಕು, ಕೋಳಿ ನೋಡಿಕೊಳ್ಳುವವರು ಸಿಗದೆ ಒದ್ದಾಡುತ್ತಿದ್ದರು. ಜಮೀಲಾಬೀ ಹೋಗಿ ಅವರ ಮನೆಯಲ್ಲಿ ಉಳಿದಳು. ಬೆಕ್ಕಿಗೆ ಹಾಲು, ಕೋಳಿಗೆ ಕಾಳು ಹಾಕಿ, ಉಳಿದ ಹೊತ್ತೆಲ್ಲ ಊರು ತಿರುಗಿದಳು. ವಾಪಸ್ ಬಂದು ನನ್ನ ಪಡಸಾಲೆಯಲ್ಲಿ ಕೂತು ಅಲ್ಲಿನ ಗಲ್ಲಿ, ಸಂತೆ, ಯಾರ ಮನೆಯಲ್ಲಿ ಸೊಸೆಯ ಕೈ ಮೇಲು ಅನ್ನುವುದರವರೆಗೆ ವರದಿ ಒಪ್ಪಿಸಿದಳು. ಲಿಂಗಸುಗೂರಿಗೆ ನಾನು ಎಷ್ಟು ಸಲ ಹೋಗಿಲ್ಲ. ಅವಳ ಬಾಯಲ್ಲಿ ಕೇಳಿದಾಗ ನಾನು ಏನೂ ನೋಡೇ ಇಲ್ಲ ಅನ್ನಿಸಿ ಸ್ವಲ್ಪ ಸಿಟ್ಟೂ ಬಂತು. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಅವರಿವರು ಕರೆಯತೊಡಗಿದರು. ಸಂಬಳ ಕೇಳುವುದಿಲ್ಲ, ಊಟ, ಹಾಸಿಗೆ, ಬಸ್ ಚಾರ್ಜು, ಅಷ್ಟೇ. "ದುಡಿಯಾಕ ಹೊಂಟಿಲ್ಲವಾ, ನೋಡಾಕ ಹೊಂಟೀನಿ" ಅನ್ನುತ್ತಾಳೆ.

ಈ ಮಾರ್ಚಿನಲ್ಲಿ ಸಿಂಧನೂರಿನ ಸಂಗಮ್ಮನ ಮನೆ ಬಂತು. ರಾಯಚೂರು ರಸ್ತೆಗೆ ಮುಖ ಮಾಡಿದ ಮನೆ, ಗೊಬ್ಬರದ ಅಂಗಡಿ ಇಟ್ಟ ಜನ. ಸಂಗಮ್ಮ ಮತ್ತು ಅವಳ ಗಂಡ ಶಿವಶರಣಪ್ಪ ಯುಗಾದಿಗೆಂದು ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೊರಟಿದ್ದರು. ಮನೆಯಲ್ಲಿ ಉಳಿಯುವವನು ಮೋತಿ. ಬೀದಿಯಲ್ಲಿ ಸಿಕ್ಕ ಮರಿಯನ್ನು ಎತ್ತಿಕೊಂಡು ಬಂದು ಮಗನ ಹಾಗೆ ಸಾಕಿದ ಕಂದು ನಾಯಿ. ಅದಕ್ಕೆ ಫಿಟ್ಸ್ ಬರುತ್ತಿತ್ತು. ಬೆಳಿಗ್ಗೆ, ಸಂಜೆ ಗುಳಿಗೆ ಹಾಕಬೇಕು; ಒಂದು ಹೊತ್ತು ತಪ್ಪಿದರೂ, ಬಿಸಿಲಲ್ಲಿ ದಣಿದರೂ ಬಿದ್ದು ಒದ್ದಾಡುತ್ತದೆ. ಬೀಳುವ ಮೊದಲು ಒಂದೇ ಕಡೆ ನೋಡುತ್ತಾ ತುಟಿ ನೆಕ್ಕಿಕೊಳ್ಳುತ್ತದೆ ಎಂದು ಸಂಗಮ್ಮ ತೋರಿಸಿಕೊಟ್ಟಿದ್ದಳು.

ಈ ಮನೆಯ ಕೆಲಸ ಸರಿಹೋದರೆ ಇನ್ನೊಂದು ಮನೆಯೂ ಸಿಗುವುದಿತ್ತು. ಸಂಗಮ್ಮನ ನಾದಿನಿ ರಾಜಶ್ರೀ ಇರುವುದು ಕಾರವಾರದಲ್ಲಿ, ಸಮುದ್ರದ ದಂಡೆಗೆ. ಅವಳಿಗೂ ಬೆಕ್ಕು ಉಂಟು, ಬೇಸಿಗೆಗೆ ಊರು ಬಿಡುವುದೂ ಉಂಟು. "ಮೊದಲ ನಮ್ಮ ಅತ್ತಿಗಿ ಮನಿ ನೋಡ್ಕೊಳ್ರಿ, ಆಮ್ಯಾಲ ನಮ್ಮ ಕಡೆ ಬರೀರಂತ" ಎಂದು ಫೋನಿನಲ್ಲಿ ಹೇಳಿದ್ದಳು. ಜಮೀಲಾಬೀ ಸಮುದ್ರ ನೋಡಿದವಳಲ್ಲ. ಅವತ್ತಿನಿಂದ ಅವಳಿಗೆ ನನ್ನ ಹತ್ತಿರ ಬೇರೆ ಮಾತೇ ಇರಲಿಲ್ಲ. ಅದು ಸದ್ದು ಮಾಡುತ್ತದಂತೆ, ಅಲ್ಲಿಯವರಿಗೆ ನಿದ್ದೆ ಹೇಗೆ ಬರುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದಳು. ನಾನೇನು ಅಲ್ಲಿ ಹುಟ್ಟಿ ಬಂದವಳೇ.

ಹೊರಡುವಾಗ ಸಂಗಮ್ಮ ಮುಖ್ಯವಾಗಿ ಎರಡು ಮಾತು ಹೇಳಿದ್ದಳು. ಮೋತಿಯನ್ನು ಕಟ್ಟದೆ ಗೇಟು ತೆಗೆಯಬಾರದು, ರಸ್ತೆ ತುಂಬ ಲಾರಿ. ಮಲ್ಲಯ್ಯನ ಕಡೆ ನಡೆದು ಹೋಗುವವರು ಬಾಗಿಲಿಗೆ ಬಂದರೆ ನೀರು ಇಲ್ಲ ಅನ್ನಬಾರದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, "ನೀ ಇದ್ದಿ ಅಂತ ನಾ ಚಿಂತಿಲ್ಲದ ಹೊಂಟೀನಿ ಜಮೀಲಕ್ಕ" ಎಂದು ಹೋದಳು.

ಅದು ರಂಜಾನ್ ತಿಂಗಳು, ಜಮೀಲಾಬೀಗೆ ರೋಜಾ. ನಾಯಿ ನೆಕ್ಕಿದ ಬಟ್ಟೆಯಲ್ಲಿ ನಮಾಜ್ ಆಗುವುದಿಲ್ಲವೆಂದು ಒಂದು ಸೀರೆ ಬೇರೆ ಇಟ್ಟುಕೊಂಡಿದ್ದಳು. ದಿನಕ್ಕೆ ಎಷ್ಟು ಸಲ ಸೀರೆ ಬದಲಿಸಿದಳೋ, ಮೋತಿ ಮಾತ್ರ ಅವಳ ಕಾಲು ಬಿಡುತ್ತಿರಲಿಲ್ಲ. ನೋಡುವವರು ಏನಾದರೂ ಅನ್ನಲಿ, ಅವಳಿಗೆ ಇದೊಂದು ಕೆಲಸ, ಅದನ್ನು ಸರಿಯಾಗಿ ಮಾಡಬೇಕು, ಅಷ್ಟೇ ಇತ್ತು.

ಅವತ್ತು ಹೊತ್ತು ಮೂಡುವಾಗ ಗೇಟಿನ ಹೊರಗೆ ದೊಡ್ಡ ಗುಂಪು ನಿಂತಿತು. ಜಮಖಂಡಿ ಕಡೆಯ ಜನ, ಮುಂದೆ ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಅಂದರೆ ದೇವರ ಹೆಸರಿನ ಸಿಂಗರಿಸಿದ ಕೋಲು, ಹೊತ್ತ ಹಿರಿಯ, ಕಾಲಿಗೆ ಬಟ್ಟೆ ಸುತ್ತಿಕೊಂಡ ಹೆಂಗಸರು. ನೀರು ಕೇಳಿದರು. ಜಮೀಲಾಬೀ ತಂಬಿಗೆ ಹಿಡಿದು ಬಂದಳು. ಗೇಟಿನ ಸಳಿಗಳ ಸಂದಿಯಿಂದ ಕೊಡಬಹುದಿತ್ತು. ಆದರೆ ಈ ಮನೆಯ ಯಜಮಾನರೇ ಹೀಗೆ ನಡೆಯುತ್ತಾ ಇನ್ಯಾರದೋ ಬಾಗಿಲಲ್ಲಿ ನೀರು ಕೇಳುತ್ತಿರುವಾಗ, ಅವರ ಬಾಗಿಲಿಗೆ ಬಂದವರಿಗೆ ಜೈಲಿನಲ್ಲಿ ಕೊಟ್ಟ ಹಾಗೆ ಸಂದಿಯಿಂದ ಕೊಡುವುದೇ? ಅವಳಿಗೆ ಕೈ ಬರಲಿಲ್ಲ. ಮೋತಿ ಗುಳಿಗೆ ನುಂಗಿ ಮೂಲೆಯಲ್ಲಿ ಮಲಗಿತ್ತು. ಅಗಳಿ ತೆಗೆದಳು. ಎಲ್ಲರಿಗೂ ಕೊಟ್ಟು, ಇನ್ನೊಂದು ಕೊಡ ತರಲು ಒಳಗೆ ಹೋಗಿ ಬಂದಳು. ಜನ ಕುಡಿದು, ಹರಸಿ, ಹೋದರು.

ಸ್ವಲ್ಪ ಹೊತ್ತಾದ ಮೇಲೆ ಕರೆದರೆ ಮೋತಿ ಇಲ್ಲ. ಹಿತ್ತಲಲ್ಲಿ ಇಲ್ಲ, ಮಂಚದ ಕೆಳಗೆ ಇಲ್ಲ, ಮಾಳಿಗೆಯ ಮೇಲೂ ಇಲ್ಲ. ಗಲ್ಲಿಗಲ್ಲಿ ಹುಡುಕಿದಳು, ಖಾಲಿ ಸೈಟುಗಳಲ್ಲಿ ಹೆಸರು ಹಿಡಿದು ಕೂಗಿದಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಎದುರಿನ ಚಹಾದಂಗಡಿಯವನು ಬೆಳಗಿನ ವ್ಯಾಪಾರ ಮುಗಿಸಿ ಇಳಿಸಿದ್ದ ಶಟರ್ ಮತ್ತೆ ಎತ್ತುತ್ತಾ ಹೇಳಿದ: "ಕಂದು ನಾಯಿ ಏನು? ಮುಂಜಾನಿ ಕಂಬಿ ಹಿಂದ ಹೊಂಟಿತ್ತಲ್ಲಬೇ. ನೀನ ಕಳಿಸೀದಿ ಅನ್ಕೊಂಡೆ."

ಜಮೀಲಾಬೀ ಸಂಗಮ್ಮನಿಗೆ ಮನೆ ಬಿಟ್ಟು ಕದಲುವುದಿಲ್ಲ ಎಂದು ಮಾತು ಕೊಟ್ಟವಳು. ನಾಯಿ ಬಿಟ್ಟು ಮನೆ ಕಾಯಬೇಕೋ, ಮನೆ ಬಿಟ್ಟು ನಾಯಿಯ ಹಿಂದೆ ಹೋಗಬೇಕೋ. ಕೀಲಿ ಜಡಿದು ರಸ್ತೆಗೆ ಓಡಿದಳು. ಆ ಗಡಿಬಿಡಿಯಲ್ಲಿ ಗುಳಿಗೆ ಒಳಗೇ ಉಳಿಯಿತು.

ಅದೇ ರಸ್ತೆಯಲ್ಲಿ ಜವಳಗೇರಾ ಕಡೆಯ ಆಟೋ ಹತ್ತಿದ್ದಳಷ್ಟೇ, ಫೋನ್ ಬಂತು. ಸಂಗಮ್ಮನ ವಿಡಿಯೋ ಕಾಲ್. ದಿನವೂ ಊಟಕ್ಕೆ ಕೂತಾಗ ಮೋತಿಯ ಮುಖ ನೋಡುವುದು ಅವಳ ರೂಢಿ. ಜಮೀಲಾಬೀ ಕಟ್ ಮಾಡಿದಳು, ಆಟೋ ನಿಲ್ಲಿಸಿ ಇಳಿದು, ಸದ್ದಿಲ್ಲದ ಕಡೆ ಹೋಗಿ ವಿಡಿಯೋ ಇಲ್ಲದೆ ತಾನೇ ಫೋನ್ ಮಾಡಿದಳು.

"ಮುಖ ಕಾಣವಲ್ದು. ಮೋತಿ ಎಲ್ಲಿ?" ಎಂದಳು ಸಂಗಮ್ಮ.

"ನೆಟ್‌ವರ್ಕ್ ಇಲ್ರೀ ಸಂಗಮ್ಮಾರ. ಮೋತಿ ಮಲಗ್ಯಾನ."

"ಗುಳಿಗಿ ಹಾಕೀದಿ?"

"ಹಾಕೀನ್ರೀ."

ಗುಳಿಗೆಯ ಮಾತು ಮಾತ್ರ ನಿಜ. ರೋಜಾ ಹಿಡಿದ ಬಾಯಿಂದ ಸುಳ್ಳು ಬಂದಿತ್ತು. ನಾಯಿ ಕಳೆದದ್ದು ಗೊತ್ತಾದರೆ ಕಾರವಾರ ಹೋಯಿತು ಎಂದು ನಾಲಿಗೆ ತಾನೇ ಹೊರಳಿತು ಎಂದು ಆಮೇಲೆ ನನ್ನ ಮುಂದೆ ಹೇಳಿದಳು. ಹೇಳುವಾಗಲೂ ನನ್ನ ಮುಖ ನೋಡಲಿಲ್ಲ.

ರಸ್ತೆಯ ಎರಡೂ ಕಡೆ ಕಾಲುವೆ ನೀರಿನ ಭತ್ತ ಹಸಿರಾಗಿ ನಿಂತಿತ್ತು. ಜೋಳದ ಹೊಲದಲ್ಲಿ ಬೆಳೆದ ಅವಳು ಇದನ್ನು ನೋಡಲೆಂದೇ ಸಿಂಧನೂರಿಗೆ ಬಂದವಳು; ಅವತ್ತು ಅವಳ ಕಣ್ಣು ಡಾಂಬರಿನ ಮೇಲಿಂದ ಏಳಲಿಲ್ಲ. ರಸ್ತೆಯಲ್ಲಿ ಏನಾದರೂ ಕಂದು ಬಣ್ಣದ್ದು ಬಿದ್ದಿದ್ದು ಕಂಡರೆ ಆಟೋ ನಿಧಾನ ಮಾಡಿಸುತ್ತಿದ್ದಳು. ಹತ್ತಿರ ಹೋದರೆ ಗೋಣಿಚೀಲ. ಪ್ರತಿ ಗುಂಪಿನ ಹತ್ತಿರ ಆಟೋ ನಿಲ್ಲಿಸಿ ಕೇಳಿದಳು. ಮುಂದೈತಿ, ಮುಂದೈತಿ ಎಂದು ಕೈ ತೋರಿಸಿದರು.

ಜವಳಗೇರಾದ ಕಾಲುವೆ ದಂಡೆಯ ಬೇವಿನ ಮರದ ಕೆಳಗೆ ಸಿಕ್ಕಿತು. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಕಾವಿ ಬಟ್ಟೆ ಕಟ್ಟಿ ಕೂರಿಸಿದ್ದರು. ಜಮೀಲಾಬೀಯನ್ನು ಕಂಡು ಬಾಲ ಅಲ್ಲಾಡಿಸಿತು, ಏಳಲಿಲ್ಲ. ಅವಳು ಬಟ್ಟೆ ಬಿಚ್ಚಲು ಹೋದಾಗ ಕಂಬಿ ಹೊರುವ ಹಿರಿಯ ಬಸವಲಿಂಗ ಕೈ ಅಡ್ಡ ಹಿಡಿದ.

"ಮಲ್ಲಯ್ಯನ ಕಡೆ ಹೊಂಟ ಜೀವ ಹಿಂದಕ್ಕ ಎಳೀಬಾರದವ್ವ. ನಾವು ಕರೆದಿಲ್ಲ, ತಾನಾಗೇ ಬಂದೈತಿ."

"ಇದಕ್ಕ ಫಿಟ್ಸ್ ಬರತೈತ್ರೀ ಅಪ್ಪಾರ. ಸಂಜಿಕ್ಕ ಗುಳಿಗಿ ಹಾಕಬೇಕು."

"ಅವನ ಹಾದ್ಯಾಗ ಅವನ ನೋಡ್ಕೋತಾನ. ನಾಯಿ ನಿಂದೇನು?"

ನನ್ನದು ಅಂದಿದ್ದರೆ ಮುಗಿಯುತ್ತಿತ್ತೋ ಏನೋ. ಆದರೆ ಇನ್ನೊಂದು ಸುಳ್ಳಿಗೆ ಅವಳಲ್ಲಿ ತ್ರಾಣ ಇರಲಿಲ್ಲ. ತನ್ನದಲ್ಲ, ಸಿಂಧನೂರಿನವರದು, ಅವರೂ ಮಲ್ಲಯ್ಯನ ಕಡೆಯೇ ನಡೆದು ಹೋಗಿದ್ದಾರೆ ಎಂದಳು. ಬಸವಲಿಂಗ ಕೆಟ್ಟ ಮನುಷ್ಯನಲ್ಲ, ಆದರೆ ಹಿಡಿದದ್ದನ್ನು ಬಿಡುವವನೂ ಅಲ್ಲ. "ಹಂಗಾದ್ರ ತನ್ನ ಮಂದಿ ಕಡೇನ ಹೊಂಟೈತಿ. ಕಳಿಸಂತ ಅವರ ಬಾಯಿಲೆ ಹೇಳಿಸು, ಈಗ ಬಿಡ್ತೀವಿ" ಎಂದ. ಬಿಸಿಲು ಇಳಿಯತೊಡಗಿತ್ತು. ಜನ ಎದ್ದು ಗಂಟು ಕಟ್ಟಿಕೊಳ್ಳುತ್ತಿದ್ದರು. ಮೋತಿ ಕಾಲುವೆಯ ಒಂದೇ ಕಡೆ ನೋಡುತ್ತಾ ತುಟಿ ನೆಕ್ಕಿಕೊಂಡಿತು.

ಜಮೀಲಾಬೀ ಫೋನ್ ತೆಗೆದಳು. ಅಷ್ಟು ಜನರ ಮುಂದೆ ಸ್ಪೀಕರ್ ಹಾಕಿದಳು.

"ಸಂಗಮ್ಮಾರ, ಮಧ್ಯಾಹ್ನ ನಾ ಸುಳ್ಳು ಹೇಳೀನಿ. ಮೋತಿ ಮನ್ಯಾಗಿಲ್ಲ. ಗೇಟು ತೆಗೆದಾಕಿ ನಾನ. ನಡಕೊಂಡು ಹೋಗೋರ ಸಂಗಾಟ ಜವಳಗೇರಾಕ ಬಂದೈತಿ. ತುಟಿ ನೆಕ್ಕಾಕತ್ತೈತಿ. ನೀವು ಹೇಳಿದ್ರ ಬಿಡ್ತಾರಂತ."

"ರೋಜಾ ಅದಿಯಲ್ಲ ನೀ?" ಎಂದಳು ಸಂಗಮ್ಮ.

"ಹೂಂರೀ."

"ರೋಜಾ ಇದ್ದು ಹಂಗ ಹೇಳಿದಿ."

ಸಂಗಮ್ಮ ಹಿರಿಯರಿಗೆ ಫೋನ್ ಕೊಡು ಎಂದಳು. "ಯಜಮಾನರ, ಅದನ್ನ ಮನ್ಯಾಗ ಬಿಟ್ಟು ಬರ್ತೀನಿ ಅಂತ ಮಲ್ಲಯ್ಯನ್ನ ಕೇಳ್ಕೊಂಡೇ ಹೊಂಟೀನಿ. ಅದು ಹಾದ್ಯಾಗ ಸತ್ರ ನಾ ಅವನ ಮೆಟ್ಟಿಲ ಹತ್ತಂಗಿಲ್ಲ. ಕೊಟ್ಟು ಕಳಿಸ್ರಿ." ಬಸವಲಿಂಗ ಫೋನಿಗೇ ಕೈ ಮುಗಿದು, ತಾನೇ ಬಟ್ಟೆ ಬಿಚ್ಚಿದ.

ಸಿಂಧನೂರು ಇನ್ನೂ ದೂರ ಇರುವಾಗಲೇ ಆಟೋದಲ್ಲಿ ಫಿಟ್ಸ್ ಬಂತು. ಕಾಲು ಬಡಿದುಕೊಂಡು, ಬಾಯಲ್ಲಿ ನೊರೆ ಬಂದು ಕೆಳಗೆ ಜಾರಿತು. ಆಟೋದವನು ಹೆದರಿ ಬ್ರೇಕ್ ಹಾಕಿದರೆ ನಿಲ್ಲಿಸಬೇಡ ಎಂದು ಗದರಿ, ಅದರ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ಮನೆ ಮುಟ್ಟುವ ಹೊತ್ತಿಗೆ ಒದ್ದಾಟ ನಿಂತಿತ್ತು, ಉಸಿರು ಇತ್ತು. ಕಣ್ಣು ಬಿಟ್ಟು ನುಂಗುವಷ್ಟು ಸುಧಾರಿಸಿದ ಮೇಲೆ ಬೆಲ್ಲದಲ್ಲಿ ಹುದುಗಿಸಿ ಗುಳಿಗೆ ಹಾಕಿದಳು. ರೋಜಾ ಬಿಡುವ ಮಗ್ರಿಬ್‌ನ ಅಜಾನ್ ಆಗಿ ಬಹಳ ಹೊತ್ತಾಗಿತ್ತು ಎಂದು ಆಗ ಅವಳಿಗೆ ತಿಳಿಯಿತು.

ಯುಗಾದಿ ಮುಗಿಸಿ ಸಂಗಮ್ಮ ಬಂದಳು. ಮೋತಿಯನ್ನು ತಬ್ಬಿಕೊಂಡು ಅತ್ತಳು, ಜಮೀಲಾಬೀಗೆ ಪ್ರಸಾದ ಕೊಟ್ಟಳು, ಯಾವತ್ತೂ ನೀ ಅನ್ನುವವಳು "ಹೋಗಿ ಬರ್ರಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎಂದಳು ಜಮೀಲಾಬೀ. ಮಸ್ಕಿಗೆ ಬಂದು ನನ್ನ ಪಡಸಾಲೆಯಲ್ಲಿ ಕೂತಳು, ಈ ಸಲ ವರದಿ ಇಲ್ಲ. "ಕಾರವಾರ ಹೋತು ಬಿಡವಾ" ಅಂದಳು ಅಷ್ಟೇ. ನನಗೆ ಸಂಗಮ್ಮನ ಮೇಲೆ ಸಿಟ್ಟು ಬಂತು, ಇವಳ ಮೇಲೂ ಬಂತು, ಆ ನಾಯಿಯ ಮೇಲಂತೂ ಹೇಳುವುದೇ ಬೇಡ.

ಈದ್ ಆದ ಮೇಲೆ ಒಂದು ಮಧ್ಯಾಹ್ನ ಜಮೀಲಾಬೀಗೆ ಫೋನ್ ಬಂತು. ರಾಜಶ್ರೀ. ನಾನು ಪಕ್ಕದಲ್ಲೇ ಮೆಂತ್ಯ ಸೋಸುತ್ತಾ ಕೂತಿದ್ದೆ.

"ಅತ್ತಿಗಿ ಎಲ್ಲಾ ಹೇಳ್ಯಾಳ್ರಿ. ಸುಳ್ಳು ಹೇಳಿದ್ದೂ ಹೇಳ್ಯಾಳ, ಸಂಜಿಕ್ಕ ನೀವ ಫೋನ್ ಹಚ್ಚಿದ್ದೂ ಹೇಳ್ಯಾಳ. ಹೋದ ವರ್ಷ ನಮ್ಮ ಮನಿ ನೋಡ್ಕೊಳ್ಳಾಕ ಇದ್ದಾಕಿ, ಬೆಕ್ಕು ಸತ್ತಿದ್ದು ನಾವು ಬರೋತನಕ ಹೇಳಿರಲಿಲ್ಲ. ದಿನಾ ಮಲಗೈತಿ ಅಂತಿದ್ಲು. ಈಗ ಇನ್ನೊಂದು ಸಾಕೀನಿ. ಮೇ ತಿಂಗಳದಾಗ ಬರ್ತೀರೇನು?"

ಹೂಂ ಅನ್ನು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಜಮೀಲಾಬೀ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತಳು.

"ಬರ್ತೀನ್ರೀ. ಆದ್ರ ಒಂದು ಮಾತು ಈಗ ಹೇಳಿಬಿಡ್ತೀನಿ. ಬಾಗಲಿಗೆ ಬಂದು ಯಾರರ ನೀರು ಕೇಳಿದ್ರ ನಾ ಸಳಿ ಸಂದ್ಯಾಗಿಂದ ಕೊಡಾಕಿ ಅಲ್ಲ. ಬೆಕ್ಕು ಮೊದಲ ಒಳಗ ಹಾಕ್ತೀನಿ, ಖರೇ. ಗೇಟು ಮಾತ್ರ ತೆಗೀತೀನಿ. ಅದಕ್ಕ ನೀವು ಒಪ್ಪಿದ್ರ ಬರ್ತೀನಿ, ಇಲ್ಲಂದ್ರ ಬ್ಯಾಡ್ರಿ."

ನಾನು ಅವಳ ತೊಡೆ ಚಿವುಟಿದೆ. ಅವಳು ನನ್ನ ಕೈ ಸರಿಸಿದಳು.

"ಬರ್ರಿ" ಎಂದಳು ರಾಜಶ್ರೀ. "ಇಲ್ಲಿ ಸೆಕಿ ಭಾಳ. ನೀರು ಕೇಳೋರೂ ಭಾಳ ಮಂದಿ ಅದಾರ."