ಅಂಜಿದ ಕೈಗೆ ಬಳಿ ಏರಂಗಿಲ್ಲ

ನಮ್ಮ ಬಳೆ ಚಾಚಿಯ ಬೆರಳುಗಳ ತುಂಬ ಗಾಜು ಗೀರಿದ ಸಣ್ಣ ಸಣ್ಣ ಗೆರೆಗಳು. ಆದರೂ ಆ ಒರಟು ಕೈ ನಮ್ಮ ಕೈ ಹಿಡಿದರೆ ಬೆಣ್ಣೆ. ಹೆಬ್ಬೆರಳಿನ ಬುಡ ಒತ್ತುತ್ತ, ಮಾತಿಗೆಳೆಯುತ್ತ, ತಿಳಿಯದಂತೆ ಬಳೆ ಏರಿಸಿಬಿಡುತ್ತಿದ್ದಳು. ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಉಟಗಿಯ ದಾರಿಯಲ್ಲಿ ಜೀಪು ನಿಲ್ಲುವ ಕಟ್ಟೆಯೇ ಅವಳ ಅಂಗಡಿ. "ಕೈ ಸಡ್ಲ ಬಿಡ್ರಿ ಅಕ್ಕೋರ. ಅಂಜಿದ ಕೈಗೆ ಬಳಿ ಏರಂಗಿಲ್ಲ," ಎಂದು ನನ್ನನ್ನು ಛೇಡಿಸುತ್ತಿದ್ದಳು. ನಾನು ಹತ್ತಿರದ ಕನ್ನಡ ಶಾಲೆಯಲ್ಲಿ ಮರಾಠಿ ಕಲಿಸುವವಳು. ಅವಳಿಗೋ ಮರಾಠಿಯೆಂದರೆ ಬಣ್ಣಗಳ ಹೆಸರು, ನೂರರವರೆಗಿನ ಎಣಿಕೆ, ಅಷ್ಟೇ.

ಒಂದು ಮಧ್ಯಾಹ್ನ ಆ ಕಟ್ಟೆಯ ಮುಂದೆ, ತವರಿಗೆ ಹೊರಟಿದ್ದ ಹೆಂಡತಿಯನ್ನು ಗಂಡ ಜೀಪಿನಿಂದ ಎಳೆದು ಬಡಿಗೆಯಿಂದ ಹೊಡೆಯತೊಡಗಿದ. ನಾವು ಇಪ್ಪತ್ತು ಮಂದಿಯಾದರೂ ಇದ್ದೆವು. "ಗಂಡ ಹೆಂಡ್ತಿ ಜಗಳ, ನಡುವ ನಾವ್ಯಾಕ?" ಎಂದರೊಬ್ಬರು. ಕೆಲವರು ಮೊಬೈಲ್ ಎತ್ತಿದರು. ಯಾರಾದರೂ ಮುಂದೆ ಹೋದಾರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದೆವು. ಚಾಚಿ ಮಾತ್ರ ಬುಟ್ಟಿ ಚೆಲ್ಲಿ ಓಡಿ, ಆಕೆಯ ಮೇಲೆ ಅಡ್ಡ ಬಿದ್ದಳು. ಒಂದೇಟು ಅವಳ ಬೆನ್ನಿಗೂ ಬಿತ್ತು. ಅಷ್ಟರಲ್ಲಿ ಪೊಲೀಸ್ ಗಾಡಿ ಬಂತು; ಕಂಡದ್ದೇ ಮೊಬೈಲ್ ಎತ್ತಿದವರು ತೆಗೆದ ಚಿತ್ರವೆಲ್ಲ ಅಳಿಸಿದರು.

"ಜೀಪಿನಿಂದ ಬಿದ್ದಾಳ್ರಿ," ಎಂದ ಗಂಡ. ಆಕೆಗೆ ಬಾಯಿ ಬಿಡುವಷ್ಟೂ ತ್ರಾಣವಿರಲಿಲ್ಲ. ಯಾರೂ ಹೇಳದಿದ್ದರೆ ಸಂಜೆಯೊಳಗೆ ಮತ್ತೆ ಅವನ ಮನೆಗೇ ಹೋಗಬೇಕು. ಹೊಸದಾಗಿ ಬಂದಿದ್ದ ಹವಾಲ್ದಾರ ಮರಾಠಿಯಲ್ಲಿ, ಯಾರು ನೋಡಿದಿರಿ ಎಂದು ಕೇಳಿದ. ಜತ್ತ ಪೇಟೆಯಲ್ಲಿ ದಿನಾ ಮರಾಠಿಯಲ್ಲೇ ಚೌಕಾಸಿ ಮಾಡುವ ಮಂದಿ ಸಾಲಾಗಿ, "ಮರಾಠಿ ಬರಂಗಿಲ್ರಿ," ಎಂದರು. ಗಡಿಯ ಜನರಾದ ನಮಗೆ ಇದು ಹಳೆಯ ಉಪಾಯ. ಆ ಗಂಡನ ಅಣ್ಣ ನಮ್ಮ ಶಾಲಾ ಸಮಿತಿಯಲ್ಲಿದ್ದ. ನನ್ನನ್ನು ಕೇಳಿದಾಗ ನಾನೂ ಅದನ್ನೇ ಅಂದೆ.

ಚಾಚಿ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ತಾನೇ ಮುಂದೆ ಬಂದು, "ಮೀ ಪಾಹಿಲಂ ಸಾಹೇಬ," ನಾನು ನೋಡಿದೆ, ಎಂದಳು. ಮರಾಠಿ ಅಲ್ಲಿಗೇ ಮುಗಿಯಿತು. ಆಕೆಯ ಎರಡೂ ಕೈ ಎತ್ತಿ ತೋರಿಸಿ ಕನ್ನಡಕ್ಕಿಳಿದಳು: "ಮುಂಜಾನಿ ನಾನ ಇಟ್ಟ ಬಳಿ ಇವು. ಬಿದ್ರ ಒಂದ ಕೈದು ಒಡೀತಾವ. ಎರಡೂ ಕೈದು ಒಡದಾವಂದ್ರ, ಮಾರಿ ಮುಂದ ಕೈ ಅಡ್ಡ ಹಿಡದಾಳ್ರಿ." ಹವಾಲ್ದಾರನಿಗೆ ಮಾತು ತಿಳಿಯದಿದ್ದರೂ ಕೈಗಳು ತಿಳಿದವು. ಕೇಸು ದಾಖಲಾಯಿತು, ಆಕೆ ಸೋನ್ಯಾಳದ ತವರು ಸೇರಿದಳು.

ಮರುವಾರ ಚಾಚಿಯ ಮುಂದೆ ಕೈ ಚಾಚಿ ಕುಳಿತಾಗ ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೆ. ಅವಳು ಬೈಯಲಿಲ್ಲ. "ಇವತ್ತ ಕೈ ಭಾಳ ಬಿಗದೈತ್ರಿ ಅಕ್ಕೋರ," ಎಂದಳು ಅಷ್ಟೇ.

ಖಟ್ಲೆ ಕೋರ್ಟಿನ ಮುಂದೆ ಬರುವ ಮೊದಲೇ, ಈ ಚಳಿಗಾಲದಲ್ಲಿ ಚಾಚಿ ತೀರಿಕೊಂಡಳು. ಕಣ್ಣಾರೆ ಕಂಡ ಬೇರೆ ಸಾಕ್ಷಿಯಿಲ್ಲದೆ ಅದು ಬಿದ್ದುಹೋಗುತ್ತದೆಂದು ಕೇಳಿ, ಸರಕಾರಿ ವಕೀಲರನ್ನು ಹುಡುಕಿಕೊಂಡು ಹೋದೆ. "ಮೀ ಪಾಹಿಲಂ," ಎಂದೆ. ಅವರು ಬರೆದುಕೊಳ್ಳುತ್ತ ತಲೆಯೆತ್ತಿ, ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಮರಾಠಿಯಲ್ಲಿ ಕೇಳಿದರು.

"ಮರಾಠಿ ಬರಂಗಿಲ್ಲ ಅಂದಿದ್ದೆ, ಅದನ್ನೂ ಬರೆದುಕೊಳ್ಳಿ," ಎಂದು ಮರಾಠಿಯಲ್ಲೇ ಹೇಳಿದೆ.