ಹಿಂದೆ ಇದ್ದವರು ಯಾರು

ಹಾರೋಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಮ್ಮ ಲೈನಿನ ಸೂಪರ್‌ವೈಸರ್ ನನ್ನ ಗಂಡನ ಅಣ್ಣ. ಕೆಲಸ ಕೊಡಿಸಿದ್ದೂ ಅವರೇ. ಹೆಂಗಸರ ಟಾಯ್ಲೆಟ್ಟಿನ ಬೀಗದ ಕೈ ಅವರ ಜೇಬಿನಲ್ಲಿರುತ್ತಿತ್ತು. ಹೋಗಬೇಕಾದವರು ಎದ್ದು, ಎಲ್ಲರ ಮುಂದೆ ಕೇಳಿ ಈಸಿಕೊಳ್ಳಬೇಕು. ಮನೆಯಲ್ಲಿ ಭಾವನ ಎದುರು ತಲೆ ಎತ್ತಿ ಮಾತಾಡದ ನಾನು ಅಲ್ಲಿ ಹೇಗೆ ಕೇಳಲಿ? ಸಾತನೂರಿನಲ್ಲಿ ಬಸ್ಸು ಹತ್ತುವ ಮೊದಲು ನೀರು ಕುಡಿಯುವುದನ್ನೇ ಬಿಟ್ಟಿದ್ದೆ.

ಆ ದಿನ ಮುಟ್ಟು ಹೇಳದೆ ಕೇಳದೆ ಬಂತು. ಊಟದ ಬೆಲ್ಲಿನ ತನಕ ತಡೆಯೋಣ ಎಂದು ಹೊಲಿಯುತ್ತಲೇ ಕೂತೆ. ಕೊನೆಗೆ ಆಗದೆ ಎದ್ದಾಗ ಚೂಡಿದಾರದ ಹಿಂಭಾಗ ಒದ್ದೆಯಾಗಿರುವುದು ಗೊತ್ತಾಯಿತು. ಮುಂದೆ ಹೋಗಲೂ ಆಗಲಿಲ್ಲ, ಮತ್ತೆ ಕೂರಲೂ ಆಗಲಿಲ್ಲ.

"ಯಾಕ್ ನಿಂತಿದ್ದೀಯಾ? ಕೂತ್ಕಂಡು ಕೆಲ್ಸ ನೋಡು," ಎಂದು ಭಾವ ದೂರದಿಂದ ಕೂಗಿದರು.

ಪಕ್ಕದ ಮೆಷಿನ್ನಿನ ಅಕ್ಕ, ದೊಡ್ಡಮಳೂರಿನವರು, ತಮ್ಮ ಮೆಷಿನ್ ನಿಲ್ಲಿಸಿ ಬಂದು ನನ್ನ ಬೆನ್ನಿಗೆ ಆತುಕೊಂಡಂತೆ ನಿಂತರು. ಅವರ ಹಿಂದಿನವಳು ಎದ್ದಳು. ಆಮೇಲೆ ಇಡೀ ಲೈನು. ಮೆಷಿನ್ನುಗಳೆಲ್ಲ ನಿಂತು ಫ್ಯಾನಿನ ಸದ್ದು ಮಾತ್ರ ಉಳಿಯಿತು.

"ಬೀಗ ತಗೀರಿ," ಅಂದರು ಅಕ್ಕ. "ಇನ್ ಯಾವತ್ತೂ ಹಾಕ್ಬೇಡಿ."

ಸಂಜೆ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆಸಿದರು. ಭಾವನೂ ಅಲ್ಲೇ ಇದ್ದರು.

"ಮೊದ್ಲು ಎದ್ದಿದ್ದು ನೀನು. ನಿನ್ ಹಿಂದೆ ಯಾರಿದ್ದಾರೆ? ಯೂನಿಯನ್‌ನೋರಾ, ಪಾರ್ಟಿಯೋರಾ?"

"ಯಾರೂ ಇಲ್ಲ ಸಾರ್."

"ಸುಮ್‌ಸುಮ್ನೆ ಇಷ್ಟು ಜನ ಒಟ್ಟಿಗೆ ಎದ್ ನಿಲ್ತಾರಾ?"

ನಿಜ ಹೇಳಲು ಒಂದು ಮಾತು ಸಾಕಿತ್ತು. ಭಾವನ ಮುಂದೆ ಅದು ಬಾಯಿಗೆ ಬರಲಿಲ್ಲ. ಅಕ್ಕ ಕೊಟ್ಟ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ನೆಲ ನೋಡುತ್ತ ನಿಂತೆ. ನಾನು ಏನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಎಂದೇ ಅವರು ತಿಳಿದುಕೊಂಡರು. ಮನೆಯಲ್ಲಿ ಗಂಡನೂ ಅದನ್ನೇ ಕೇಳಿದ: "ಯಾರ್ ನಿನ್ ತಲೆ ಕೆಡ್ಸಿದ್ದು?"

ಬೀಗ ಹೋಯಿತು. ಭಾವನನ್ನು ಬೇರೆ ಲೈನಿಗೆ ಹಾಕಿದರು. ಹೆಂಗಸರು ನನ್ನನ್ನು ಲೀಡರ್ ಎಂದು ಕರೆಯತೊಡಗಿದರು. ಕರೆದಾಗಲೆಲ್ಲ ಆ ದಿನದ ಒದ್ದೆ ಬಟ್ಟೆ ನೆನಪಾಗಿ ಮೈ ಹಿಡಿಯಾಗುತ್ತಿತ್ತು. ಯಾವುದೋ ದೇಶದಲ್ಲಿ ಸರ್ಕಾರ ಬಿದ್ದಾಗ, ಜನ ತಾವೇ ಎದ್ದರೋ ಯಾರಾದರೂ ಎಬ್ಬಿಸಿದರೋ ಎಂದು ಟಿವಿಯಲ್ಲಿ ಕಿತ್ತಾಡುತ್ತಾರಲ್ಲ, ನನಗೆ ಅನುಮಾನವೇ ಇರಲಿಲ್ಲ. ತಾವೇ ಏಳುತ್ತಾರೆ. ನಾನೇ ನೋಡಿದ್ದೆನಲ್ಲ.

ಎಷ್ಟೋ ದಿನದ ಮೇಲೆ ಊಟಕ್ಕೆ ಕೂತಿದ್ದಾಗ ಅದನ್ನು ಅಕ್ಕನಿಗೆ ಹೇಳಿದೆ.

"ಮೊದ್ಲಿಂದ ಮಾತಾಡ್ಕಂಡಿದ್ವಿ ಕಣವ್ವ. ಯಾರಾರ ಒಬ್ರು ಎದ್ರೆ ಎಲ್ರೂ ಏಳದು ಅಂತ. ಮೊದ್ಲು ಏಳೋಕೆ ಎಲ್ರಿಗೂ ಭಯ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅವ್ರ ಮನೆಯೋಳು. ಹೋಗಿ ಹೇಳ್ಬುಟ್ರೆ ಅಂತ."

ಹೇಳುತ್ತಿರಲಿಲ್ಲ ಅನ್ನಲು ಬಾಯಿ ತೆರೆದೆ. ಊಟಕ್ಕೆ ಬಡಿಸುವಾಗ ಭಾವ ಕೇಳಿದ್ದರೆ ಸುಮ್ಮನಿರುತ್ತಿದ್ದೆನೇ? ಗೊತ್ತಿಲ್ಲ.

"ಅಂಗಾದ್ರೆ ಅವತ್ತು ನನ್ ಮರೆ ಮಾಡಕ್ಕೆ ಎದ್ರೋ, ಮಾತಾಡ್ಕಂಡಿದ್ಕೆ ಎದ್ರೋ?"

"ಅದ್ಯಾರಿಗ್ ಗೊತ್ತು? ಎದ್ದೆ," ಎಂದು ಅಕ್ಕ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ಮೊದಲೆಲ್ಲ ನಾನು ಬಂದು ಕೂತ ಕೂಡಲೇ ಅವರೆಲ್ಲರ ಮಾತು ಅಡುಗೆ, ಮಕ್ಕಳ ಕಡೆ ತಿರುಗುತ್ತಿದ್ದುದು ಯಾಕೆಂದು ಆಗ ತಿಳಿಯಿತು.